ಉಸುಕೂ ಇಲ್ಲ, ಒಂಟೆಯೂ ಇಲ್ಲ

ನಮ್ಮ ಕಡೆ ಹೋಟೆಲ್ ಅಂದರೆ ಉಣ್ಣುವ ಜಾಗ. ಚಹಾ, ಮಿರ್ಚಿ ಭಜಿ ಸಿಗುವ ತಗಡಿನ ಶೆಡ್ಡೂ ಹೋಟೆಲ್ಲೇ. ಮಲಗಬೇಕಾದರೆ ಲಾಡ್ಜ್ ಹುಡುಕಬೇಕು. ಹೋದ ಜನವರಿಯಲ್ಲಿ ಒಮಾನಿಗೆ ಹೋಗಿ ಬಂದವನು ನಮ್ಮೂರು ನಾಗಲಗಿದ್ದದ ಕಟ್ಟೆಯ ಮೇಲೆ ಕೂತು, "ಮರುಭೂಮಿಯ ಓಯಸಿಸ್‌ನಾಗ ಒಂದು ಹಳೇ ಹೋಟೆಲಿನಾಗ ಎರಡು ರಾತ್ರಿ ಇದ್ದೆ" ಎಂದಾಗ, "ಎರಡೂ ರಾತ್ರಿ ಬರೀ ತಿನ್ಕೋತ ಕೂತಿದ್ರೇನ್ರಿ ಸರ್?" ಎಂಬ ಪ್ರಶ್ನೆ ಬಂತು. ಹೋಟೆಲ್ ಅಲ್ಲ, ಸರಾಯ್ ಇದ್ದಂಗ ಎಂದು ತಿದ್ದಿದೆ. ಅದು ಇನ್ನೂ ಕೆಟ್ಟಿತು. ದಾರಿಹೋಕರು ತಂಗುವ ಜಾಗಕ್ಕೆ ಪಾರಸಿಯಲ್ಲಿ ಸರಾಯ್ ಎನ್ನುತ್ತಾರೆ, ಹೈದರಾಬಾದಿನ ನಾಂಪಲ್ಲಿ ಸ್ಟೇಶನ್ ಪಕ್ಕದಲ್ಲಿ ಅಂಥದ್ದೊಂದು ಇದೆ ಎಂದು ನಾನು ಹೇಳುವಷ್ಟರಲ್ಲಿ ಸಾರಾಯಿಯ ಮಾತು ಊರೆಲ್ಲ ಹಬ್ಬಿತ್ತು. ಕನ್ನಡ ಶಾಲೆಯ ಮಾಸ್ತರನಾಗಿ ಮೂವತ್ತು ವರ್ಷ ಕಳೆದವನ ಹೆಸರು ಒಂದು ದೀರ್ಘಾಕ್ಷರದಿಂದ ಕೆಡುವ ಹೊತ್ತು ಬಂದಿತ್ತು.

ಅಂದಿನಿಂದ ಇಂದಿನವರೆಗೆ ಕೇಳಿದ ಪ್ರಶ್ನೆಗಳನ್ನು ನೆನಪಿಟ್ಟುಕೊಂಡಿದ್ದೇನೆ. ಅವುಗಳಲ್ಲಿ ಅರ್ಧ, ಹೋಗುವ ಮುಂಚೆ ನನ್ನವೇ ಆಗಿದ್ದವು.

ತಪ್ಪು ಕಲ್ಪನೆ: ಮರುಭೂಮಿ ಎಂದರೆ ಉಸುಕು

"ಕಾಕಾ, ಅಲ್ಲಿ ಉಸುಕು ಇಲ್ಲ. ಮೊದಲೇ ಹೇಳ್ತೀನಿ, ಆಮ್ಯಾಲೆ ಬೈಬ್ಯಾಡ್ರಿ" ಎಂದು ಮಸ್ಕತ್ತಿನಲ್ಲಿ ಕೆಲಸಕ್ಕಿರುವ ಅಣ್ಣನ ಮಗ ಫೋನಿನಲ್ಲೇ ಎಚ್ಚರಿಸಿದ್ದ. ಒಮಾನಿನಲ್ಲಿ ಉಸುಕಿನ ದಿಬ್ಬಗಳಿಲ್ಲವೆಂದಲ್ಲ. ಶರ್ಕಿಯಾ ಎಂಬ ದೊಡ್ಡ ಮರಳುಗಾಡೇ ಇದೆ. ನಾವು ಹೊರಟಿದ್ದು ಆ ಕಡೆಗಲ್ಲ, ಹಜರ್ ಬೆಟ್ಟಸಾಲಿನ ಕಡೆಗೆ.

ಮರುಭೂಮಿಯನ್ನು ಅಳೆಯುವುದು ಉಸುಕಿನಿಂದಲ್ಲ, ಮಳೆಯಿಂದ. ವರ್ಷಕ್ಕೆ ಸುಮಾರು 250 ಮಿಲಿಮೀಟರಿಗಿಂತ ಕಡಿಮೆ ಮಳೆ ಬೀಳುವ ನೆಲ ಮರುಭೂಮಿ. ಜಗತ್ತಿನ ಮರುಭೂಮಿಗಳಲ್ಲಿ ಉಸುಕು ಹೊದ್ದಿರುವುದು ಹೆಚ್ಚುಕಡಿಮೆ ಐದರಲ್ಲಿ ಒಂದು ಪಾಲು. ಉಳಿದದ್ದು ಕಲ್ಲು, ಜಲ್ಲಿ, ಬೋಳು ಬೆಟ್ಟ. ಮಸ್ಕತ್ತಿನಲ್ಲಿ ವರ್ಷಕ್ಕೆ ಬೀಳುವುದು ನೂರು ಮಿಲಿಮೀಟರಿನ ಆಸುಪಾಸು. ನಮ್ಮ ನಾರಾಯಣಖೇಡ, ಜಹೀರಾಬಾದಿನ ಕಡೆ ಎಂಟುನೂರು ದಾಟುತ್ತದೆ. ನಮ್ಮಲ್ಲಿ ಒಂದು ಒಳ್ಳೆಯ ಶ್ರಾವಣದಲ್ಲಿ ಸುರಿದಷ್ಟಕ್ಕೆ ಅವರು ಎರಡು ವರ್ಷ ಕಾಯಬೇಕು. ಈ ಲೆಕ್ಕವನ್ನು ತಲೆಯಲ್ಲಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ತಪ್ಪು ಕಲ್ಪನೆ: ಓಯಸಿಸ್ ಎಂದರೆ ದೇವರು ಕೊಟ್ಟ ಕೊಳ, ಸುತ್ತ ನಾಲ್ಕು ಖರ್ಜೂರದ ಗಿಡ

ಈ ಚಿತ್ರ ನಮ್ಮ ತಲೆಗೆ ಹೊಕ್ಕಿದ್ದು ಶಾಲೆಯ ಪಠ್ಯದಿಂದ. ಅದನ್ನು ಹಲಗೆಯ ಮೇಲೆ ಬಿಡಿಸಿದವರಲ್ಲಿ ನಾನೂ ಒಬ್ಬ. ಒಂದು ಗೋಲ, ಅದರೊಳಗೆ ಮೂರು ಗೀಟು ನೀರು, ಪಕ್ಕದಲ್ಲಿ ಡೊಂಕು ಮರ, ಮರದ ಕೆಳಗೆ ಒಂಟೆ. ಮಕ್ಕಳಿಗೆ ಒಂಟೆ ಖುಷಿ ಕೊಡುತ್ತಿತ್ತು.

ಮಸ್ಕತ್ತಿನಿಂದ ನಿಜ್ವಾ, ಅಲ್ಲಿಂದ ಅಲ್ ಹಮ್ರಾ, ಆಮೇಲೆ ಸುತ್ತುವ ಘಾಟಿನ ರಸ್ತೆ ಹತ್ತಿದರೆ ಮಿಸ್ಫಾತ್ ಅಲ್ ಅಬ್ರಿಯೀನ್, ಚಿಕ್ಕದಾಗಿ ಮಿಸ್ಫಾ, ಎಂಬ ಹಳ್ಳಿ. ಒಂದು ಬೋಳು ಬಂಡೆಯ ಮೇಲೆ ಮಣ್ಣು-ಕಲ್ಲಿನ ಮನೆಗಳು ಒಂದರ ಹೆಗಲ ಮೇಲೊಂದು ಕೂತಿವೆ. ಅವುಗಳ ಕಾಲ ಬುಡದಿಂದ ಕಣಿವೆಯ ತಳದವರೆಗೆ ಮೆಟ್ಟಿಲು ಮೆಟ್ಟಿಲಾಗಿ ಹಸಿರು. ಕೊಳ ಎಲ್ಲೂ ಕಾಣಲಿಲ್ಲ. ಕಂಡದ್ದು ಒಂದು ಕಾಲುವೆ. ಎರಡು ಗೇಣು ಅಗಲ. ಮನೆಗಳ ಕೆಳಗೆ, ತೋಟಗಳ ಮೇಲೆ, ಬಂಡೆಯ ಅಂಚು ಹಿಡಿದು, ಅವಸರವಿಲ್ಲದೆ ಹರಿಯುತ್ತಿತ್ತು.

ಆ ಕಾಲುವೆಗೆ ಅವರು 'ಫಲಜ್' ಎನ್ನುತ್ತಾರೆ. ಒಂದಕ್ಕಿಂತ ಹೆಚ್ಚಿದ್ದರೆ 'ಅಫ್ಲಾಜ್'. ಒಮಾನಿನಲ್ಲಿ ಇಂದಿಗೂ ಸುಮಾರು 3,000 ಅಫ್ಲಾಜ್ ನೀರು ಹರಿಸುತ್ತಿವೆ. ಅವುಗಳಲ್ಲಿ ಐದನ್ನು ಯುನೆಸ್ಕೋ 2006ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ನಿಜ್ವಾ ಊರಿಗೆ ನೀರು ಕೊಡುವ ಫಲಜ್ ದಾರಿಸ್ ಆ ಐದರಲ್ಲಿ ಒಂದು. ಮಿಸ್ಫಾದ ಕಾಲುವೆ ಕಣಿವೆಯ ಮೇಲಿನಿಂದ ತೆರೆದೇ ಬರುತ್ತದೆ. ದಾರಿಸ್‌ನಂಥವು ಬೇರೆ ಬಗೆ: ಬೆಟ್ಟದ ಬುಡದಲ್ಲಿ ನೀರಿನ ಸೆಲೆ ಸಿಗುವವರೆಗೆ ಒಂದು ತಾಯಿ ಬಾವಿ ತೋಡುತ್ತಾರೆ. ಅಲ್ಲಿಂದ ಊರಿನವರೆಗೆ ನೆಲದೊಳಗೇ ಸುರಂಗ. ಕಣ್ಣಿಗೆ ಕಾಣದಷ್ಟು ಸಣ್ಣ ಇಳಿಜಾರು. ನಡುನಡುವೆ ಗಾಳಿಗೂ, ಮಣ್ಣು ಮೇಲೆತ್ತುವುದಕ್ಕೂ ಬಾವಿಯಂಥ ಬಾಯಿಗಳು. ಪಂಪಿಲ್ಲ, ಕರೆಂಟಿಲ್ಲ. ನೀರು ತನ್ನ ಭಾರಕ್ಕೆ ತಾನೇ ನಡೆದು ಊರಿಗೆ ಬರುತ್ತದೆ, ಬಿಸಿಲಿಗೆ ಆವಿಯಾಗದೆ. ಇದನ್ನೆಲ್ಲ ಮನುಷ್ಯರು ತೋಡಿದ್ದಾರೆಂದು ನಂಬಲು ಅವರಿಗೂ ಕಷ್ಟವಾಗಿರಬೇಕು. ದಾವೂದನ ಮಗ ಸುಲೇಮಾನ್ ಹತ್ತೇ ದಿನದಲ್ಲಿ ದಿನಕ್ಕೆ ಸಾವಿರದಂತೆ ಜಿನ್ನುಗಳಿಂದ ತೋಡಿಸಿದ ಎಂಬ ಕಥೆ ಇದೆ. ನಮ್ಮಲ್ಲಿ ಹಳೆಯ ಗುಡಿಗಳನ್ನೆಲ್ಲ ಪಾಂಡವರು ಒಂದೇ ರಾತ್ರಿಯಲ್ಲಿ ಕಟ್ಟಿದಂತೆ.

ನೀರು ಬಂತು ಎಂದರೆ ಓಯಸಿಸ್ ಆಗಲಿಲ್ಲ. ಅಸಲು ಕೆಲಸ ಶುರುವಾಗುವುದೇ ಆಮೇಲೆ, ಹಂಚಿಕೆಯಲ್ಲಿ. ಊರು ತಲುಪಿದ ನೀರನ್ನು ಮೊದಲ ಜಾಗದಲ್ಲಿ ಕುಡಿಯಲು ಮಾತ್ರ ತುಂಬಬೇಕು. ಅದರ ಕೆಳಗೆ ಮಸೀದಿಯ ಕೈಕಾಲು ತೊಳೆಯುವ ಕಟ್ಟೆ. ಅದರ ಕೆಳಗೆ ಗಂಡಸರ, ಹೆಂಗಸರ ಬೇರೆ ಬೇರೆ ಸ್ನಾನದ ಕೋಣೆಗಳು, ಬಟ್ಟೆ-ಪಾತ್ರೆ. ಎಲ್ಲ ಮುಗಿದ ಮೇಲೆ ತೋಟ. ತೋಟದಲ್ಲೂ ಮೊದಲು ಖರ್ಜೂರಕ್ಕೆ, ಉಳಿದರೆ ಹಂಗಾಮಿನ ಬೆಳೆಗೆ. ತೋಟದ ನೀರು ಅಳೆಯುವುದು ಕೊಡದಲ್ಲಲ್ಲ, ಹೊತ್ತಿನಲ್ಲಿ. ಒಂದು 'ಅಥರ್' ಎಂದರೆ ಸುಮಾರು ಅರ್ಧ ಗಂಟೆ. ಹಗಲು ನೆಟ್ಟ ಕೋಲಿನ ನೆರಳು ನೋಡಿ, ರಾತ್ರಿ ಚಿಕ್ಕೆ ಹುಟ್ಟುವುದು ನೋಡಿ ಸರದಿ ಬದಲಿಸುತ್ತಿದ್ದರು. ಈಗ ಬಹುಮಟ್ಟಿಗೆ ಕೈಗಡಿಯಾರ. ಒಬ್ಬನ ಸರದಿ ಮುಗಿಯಿತೆಂದರೆ ಹಳೆ ಬಟ್ಟೆ ಸುತ್ತಿದ ಕಲ್ಲನ್ನು ಕಾಲುವೆಯ ಒಂದು ಬಾಯಿಯಿಂದ ಕಿತ್ತು ಇನ್ನೊಂದಕ್ಕೆ ಜಡಿಯುವುದು. ಅಷ್ಟೇ ಗೇಟು.

ಸರದಿಗಳಿಗೆ ಒಡೆಯರಿದ್ದಾರೆ. ಕೆಲವರ ಪಾಲು ಅಪ್ಪನಿಂದ ಮಗನಿಗೆ ಬರುತ್ತದೆ. ಕೆಲವು ಪಾಲು ಮಸೀದಿಯದು. ಕೆಲವು ಫಲಜಿನದೇ, ಅಂದರೆ ಕಾಲುವೆಗೆ ತನ್ನದೇ ಆಸ್ತಿ. ಅದನ್ನು ಸವಾಲು ಕೂಗಿ ಮಾರಿ, ಬಂದ ದುಡ್ಡಿನಲ್ಲಿ ಹೂಳೆತ್ತಿಸುತ್ತಾರೆ. ಈ ಲೆಕ್ಕ ನೋಡುವ ಊರಿನ ಹಿರಿಯನಿಗೆ 'ವಕೀಲ್' ಎನ್ನುತ್ತಾರೆ. ಕೋರ್ಟಿಗೂ ಆ ಹೆಸರಿಗೂ ಸಂಬಂಧವಿಲ್ಲ. ದಕ್ಷಿಣದ ಕನ್ನಡ ನಾಡಿನ ಕೆರೆಗಳಿಗೆ ನೀರಗಂಟಿ ಇದ್ದಂತೆ, ತೆಲುಗು ಸೀಮೆಯ ಕೆರೆಗಳಿಗೆ ನೀರಡಿ ಇದ್ದಂತೆ.

ಇಷ್ಟು ಗೊತ್ತಿಲ್ಲದೆ ನಾನು ಮೊದಲ ಸಂಜೆ ಮಾಡಿದ ಘನಕಾರ್ಯ ಹೇಳಿಬಿಡುತ್ತೇನೆ. ಘಾಟು ಹತ್ತಿ ಕಾಲು ಉರಿಯುತ್ತಿತ್ತು. ಊರ ಮೇಲ್ತುದಿಯಲ್ಲಿ ಕಾಲುವೆಯ ದಂಡೆಗೆ ಕೂತು, ಚಪ್ಪಲಿ ಬಿಟ್ಟು, ಎರಡೂ ಕಾಲು ನೀರಿಗಿಳಿಸಿದೆ. ಹಾಯ್ ಎನ್ನುವಷ್ಟರಲ್ಲಿ ಬಿಳಿ ಅಂಗಿಯ ಮುದುಕರೊಬ್ಬರು ಬಂದು ನಿಂತರು. ಬೈಯಲಿಲ್ಲ. ಕೆಳಗಿನ ತಿರುವಿನತ್ತ ಕೈ ತೋರಿ ಏನೋ ಹೇಳಿದರು. ಜೊತೆಗಿದ್ದ ಅಣ್ಣನ ಮಗ ನಾಚಿಕೊಂಡು ತರ್ಜುಮೆ ಮಾಡಿದ: "ಕಾಕಾ, ಕಾಲು ತೊಳೆಯೋದು ಅಲ್ಲಿ ಕೆಳಗಂತ. ಇದು ಕುಡಿಯೋ ನೀರಂತ." ಈಗ ಮನೆ ಮನೆಗೆ ನಲ್ಲಿ ಬಂದಿದೆ, ಕಾಲುವೆಯಿಂದ ಕೊಡ ತುಂಬುವವರು ಕಡಿಮೆ. ಆದರೂ ಮೇಲಿನ ನೀರು ಮೇಲಿನ ನೀರೇ.

ಇಂಗ್ಲಿಷಿನ 'ಓಯಸಿಸ್' ಗ್ರೀಕಿನ ಮೂಲಕ ಬಂದದ್ದು, ಗ್ರೀಕಿಗೆ ಬಂದದ್ದು ಹಳೆಯ ಈಜಿಪ್ಟಿನ ಭಾಷೆಯಿಂದ. ಅಲ್ಲಿ ಅದರ ಅರ್ಥ ಕೊಳವೂ ಅಲ್ಲ, ಮರವೂ ಅಲ್ಲ. ವಾಸದ ಜಾಗ, ನೆಲೆ. ಪಠ್ಯ ಬರೆದವರಿಗೆ ಈ ಅರ್ಥ ತಿಳಿದಿದ್ದರೆ ಹಲಗೆಯ ಮೇಲೆ ಒಂಟೆಯ ಬದಲು ಮನೆ ಬಿಡಿಸುತ್ತಿದ್ದೆ.

ತಪ್ಪು ಕಲ್ಪನೆ: ಉಳಿಯುವುದು ಡೇರೆಯಲ್ಲಿ, ಹೊರಗೆ ಒಂಟೆ, ರಾತ್ರಿ ಕುಣಿತ

ಅದು ಉಸುಕಿನ ಕಡೆಯ ಪ್ರವಾಸಿ ಶಿಬಿರಗಳ ವ್ಯವಹಾರ. ಡೇರೆ ಅಲೆಮಾರಿಗಳದು. ಓಯಸಿಸ್ ಅಲೆಯದೆ ನಿಂತವರ ಊರು, ಅಲ್ಲಿಯ ಹಳೆಯ ತಂಗುದಾಣ ಎಂದರೆ ಒಂದು ಮನೆ. ನಾವಿದ್ದದ್ದೂ ಹಾಗೆಯೇ, ಒಂದು ಕುಟುಂಬ ಬಿಟ್ಟುಹೋಗಿದ್ದ ಹಿರಿಯರ ಮನೆ. ಕಾರು ಊರ ಹೊರಗೇ ನಿಲ್ಲಬೇಕು. ಗಂಟುಮೂಟೆ ಹೊತ್ತು ಓಣಿಗಳಲ್ಲಿ, ಮನೆಗಳ ಕೆಳಗಿನ ಕತ್ತಲೆ ದಾರಿಗಳಲ್ಲಿ, ಸವೆದ ಮೆಟ್ಟಿಲುಗಳಲ್ಲಿ ಇಳಿಯಬೇಕು. ಚಕ್ರದ ಸೂಟ್‌ಕೇಸ್ ತಂದಿದ್ದ ಹುಡುಗನಿಗೆ ಅದನ್ನು ತಲೆಯ ಮೇಲೆ ಹೊರಬೇಕಾಯಿತು. ನನ್ನ ಹೆಗಲ ಚೀಲ ನೋಡಿ ನಾನು ಒಳಗೊಳಗೇ ನಕ್ಕೆ.

ಬಾಗಿಲು ಕುಳ್ಳು, ಬಗ್ಗಿಯೇ ಒಳಗೆ ಹೋಗಬೇಕು. ಗೋಡೆ ಒಂದು ಮೊಳಕ್ಕೂ ದಪ್ಪ. ಮೇಲೆ ಖರ್ಜೂರದ ದಿಂಡಿನ ತೊಲೆ, ಅದರ ಮೇಲೆ ಗರಿಯ ಚಾಪೆ, ಅದರ ಮೇಲೆ ಮಣ್ಣು. ನೋಡುತ್ತಲೇ ನಮ್ಮ ಅವ್ವನ ತವರುಮನೆ ನೆನಪಾಯಿತು. ಅದೇ ಮಾಳಿಗೆ ಮನೆ, ಅದೇ ಮೇಲ್ಮುದ್ದಿ, ತೊಲೆ ಮಾತ್ರ ಬೇವಿನದು. ಮಂಚವಿಲ್ಲ, ನೆಲದ ಮೇಲೆ ಗಾದಿ. ಗೋಡೆಯಲ್ಲಿ ಗೂಡು, ಹಿಂದೆ ದೀಪ ಇಡುತ್ತಿದ್ದ ಜಾಗದಲ್ಲಿ ಈಗ ಮೊಬೈಲಿನ ಚಾರ್ಜರ್. ಕೆಲವು ಕೋಣೆಗಳಿಗೆ ಬಚ್ಚಲು ಹೊರಗಿದೆ. ಇದನ್ನು ಕೇಳಿ ಹೈದರಾಬಾದಿನ ಬೀಗರೊಬ್ಬರು ಮುಖ ಸಿಂಡರಿಸಿದರು. ಅವರು ಹುಟ್ಟಿದ್ದು ನ್ಯಾಲಕಲ್ ಮಂಡಲದ ಹಳ್ಳಿಯಲ್ಲಿ, ಅದೂ ನನಗೆ ಗೊತ್ತು.

ಕುಣಿತವೂ ಇಲ್ಲ, ಹಾಡೂ ಇಲ್ಲ. ಮದ್ಯದ ಮಾತೇ ಬೇಡ. ಊರ ಬಾಯಲ್ಲೇ ಹೇಳುತ್ತಾರೆ: ಹೆಗಲು, ಮೊಣಕಾಲು ಮುಚ್ಚುವ ಬಟ್ಟೆ ಹಾಕಿ, ಹೆಂಗಸರ ಫೋಟೋ ತೆಗೆಯಬೇಡಿ, ದನಿ ತಗ್ಗಿಸಿ. ರಾತ್ರಿ ಕೇಳುವುದು ಒಂದೇ ಸದ್ದು, ಕಿಟಕಿಯ ಕೆಳಗಿನ ಕಾಲುವೆಯದು.

ತಪ್ಪು ಕಲ್ಪನೆ: ಬಿಸಿಲಿಗೆ ಬೆಂದುಹೋಗುತ್ತೀರಿ

ಜನವರಿಯ ರಾತ್ರಿ ನಾನು ಎರಡು ಕಂಬಳಿ ಹೊದ್ದೆ. ಆ ಹಳ್ಳಿ ಸಮುದ್ರಮಟ್ಟದಿಂದ ಹೆಚ್ಚುಕಡಿಮೆ ಸಾವಿರ ಮೀಟರ್ ಎತ್ತರದಲ್ಲಿದೆ, ಮೇಲೆ ಒಣ ಗಾಳಿ. ಹೊತ್ತು ಮುಳುಗಿದ ಕೂಡಲೇ ಬಂಡೆ ತಣ್ಣಗಾಗುತ್ತದೆ.

ಹಾಗಂತ ಮಣ್ಣಿನ ಗೋಡೆ ಎಲ್ಲ ಕಾಲಕ್ಕೂ ತಂಪು ಎಂದು ಹಾಡಿ ಹೊಗಳುವವರ ಮಾತನ್ನೂ ನಾನು ಒಪ್ಪುವುದಿಲ್ಲ. ದಪ್ಪ ಗೋಡೆ ಬಿಸಿಲನ್ನು ತಡೆಯುವುದಿಲ್ಲ, ತಡ ಮಾಡುತ್ತದೆ. ಹಗಲು ಕುಡಿದ ಕಾವನ್ನು ರಾತ್ರಿ ಒಳಗೆ ಬಿಡುತ್ತದೆ. ಅದಕ್ಕೇ ಬೇಸಿಗೆಯಲ್ಲಿ ಅಲ್ಲಿಯವರು ಮಾಳಿಗೆಯ ಮೇಲೆ ಮಲಗುತ್ತಿದ್ದರು, ಮೇ ತಿಂಗಳಲ್ಲಿ ನಾವು ಅಂಗಳದಲ್ಲಿ ಹೊರಸು ಹಾಕಿಕೊಳ್ಳುವಂತೆ. ಜೂನ್, ಜುಲೈನಲ್ಲಿ ಅಲ್ಲಿಗೆ ಹೋಗಬೇಡಿ. ಕೆಳಗಿನ ನಿಜ್ವಾದಲ್ಲಿ ಬಿಸಿಲು ನಲವತ್ತು ಡಿಗ್ರಿ ದಾಟಿರುತ್ತದೆ. ನವೆಂಬರಿನಿಂದ ಫೆಬ್ರವರಿ ಸರಿ. ಫೆಬ್ರವರಿಯ ಕೊನೆಗೆ ಹೋದರೆ ಇನ್ನೊಂದು ನೋಟ ಸಿಗುತ್ತದೆ. ಖರ್ಜೂರದಲ್ಲಿ ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ. ಗಾಳಿಯನ್ನು ನಂಬಿದರೆ ಫಸಲು ಸಾಲದು, ಆದ್ದರಿಂದ ಗಂಡು ಹೂವಿನ ಎಳೆಗಳನ್ನು ಹೆಣ್ಣು ಗೊನೆಯೊಳಗೆ ಕೈಯಿಂದಲೇ ಸಿಕ್ಕಿಸುತ್ತಾರೆ. ಸೊಂಟಕ್ಕೆ ಹಗ್ಗ ಸುತ್ತಿ ಮರ ಹತ್ತುವ ಪರಿ ಥೇಟ್ ನಮ್ಮ ಈಚಲ ಗಿಡ ಹತ್ತಿ ಸಿಂದಿ ಇಳಿಸುವವರದೇ. ಈಚಲೂ ಖರ್ಜೂರದ ದಾಯಾದಿಯೇ. ನಾವು ರಸ ಕುಡಿದೆವು, ಅವರು ಹಣ್ಣು ತಿಂದರು.

ತಪ್ಪು ಕಲ್ಪನೆ: ಸಸ್ಯಾಹಾರಿಗೆ ಉಪವಾಸ

ಇಲ್ಲ. ಬೆಳಿಗ್ಗೆ ತೆಳು ರೊಟ್ಟಿ, ಜೇನು, ಮೊಸರು, ಖರ್ಜೂರ. ರಾತ್ರಿ ಅನ್ನ, ಚನ್ನಂಗಿ ಬೇಳೆಯ ಸಾರು, ಕಡಲೆ ಅರೆದ ಹುಮ್ಮುಸ್, ಸೌತೆ-ಟೊಮೆಟೊ. ಮೊದಲೇ ಹೇಳಿದರೆ ಮಾಂಸ ಬೆರೆಸದೆ ಬೇರೆ ಪಾತ್ರೆಯಲ್ಲಿ ಮಾಡಿಕೊಡುತ್ತಾರೆ. ಜೋಳದ ರೊಟ್ಟಿ ಸಿಗಲಿಲ್ಲ. ಅದು ಬೆಂಗಳೂರಲ್ಲೂ ನನಗೆ ಸರಿಯಾದದ್ದು ಸಿಕ್ಕಿಲ್ಲ.

ಊಟಕ್ಕಿಂತ ದೊಡ್ಡದು ಕಹ್ವಾ. ಏಲಕ್ಕಿ ಹಾಕಿದ ಕಾಫಿ, ಹಾಲಿಲ್ಲ, ಸಕ್ಕರೆಯಿಲ್ಲ. ಕಹಿಗೆ ಜೊತೆಯಾಗಿ ಖರ್ಜೂರ. ಹಿಡಿಯಿಲ್ಲದ ಸಣ್ಣ ಬಟ್ಟಲಿನಲ್ಲಿ ಎರಡು ಗುಟುಕು ಸುರಿಯುತ್ತಾರೆ. ಕುಡಿದು ಬಟ್ಟಲು ಮುಂದೆ ಹಿಡಿದರೆ ಮತ್ತೆ ಸುರಿಯುತ್ತಾರೆ. ಸಾಕು ಎನ್ನಲು ಬಾಯಿಬಿಡಬಾರದು, ಬಟ್ಟಲನ್ನು ಅತ್ತಿತ್ತ ಮೆಲ್ಲಗೆ ಅಲುಗಾಡಿಸಬೇಕು. ಇದು ತಿಳಿಯುವಷ್ಟರಲ್ಲಿ ನಾನು ಏಳು ಬಟ್ಟಲು ಕುಡಿದಾಗಿತ್ತು. ಆ ರಾತ್ರಿ ನಿದ್ದೆ ಬರದಿದ್ದಕ್ಕೆ ಕಾಲುವೆಯ ಸದ್ದು ಕಾರಣವಲ್ಲ.

ತಪ್ಪು ಕಲ್ಪನೆ: ಹಳೆಯ ಮನೆ, ನೆಲದ ಗಾದಿ, ಅಂದಮೇಲೆ ಅಗ್ಗ

ಒಂದು ಒಮಾನಿ ರಿಯಾಲಿಗೆ ನಮ್ಮ ಇನ್ನೂರಕ್ಕೂ ಮಿಗಿಲು ರೂಪಾಯಿ. ಬೀದರಿನ ಲಾಡ್ಜಿನಲ್ಲಿ ಒಂದು ವಾರ ಇರುವ ದುಡ್ಡು ಅಲ್ಲಿ ಒಂದೇ ರಾತ್ರಿಗೆ ಹೋಯಿತು. ಕೊಟ್ಟದ್ದು ಹುಡುಗ. ಎಷ್ಟೆಂದು ಹೇಳಲು ಅವನು ಒಪ್ಪಲಿಲ್ಲ, ನಾನೇ ಗೋಡೆಯ ಮೇಲಿನ ಪಟ್ಟಿ ನೋಡಿ ಗುಣಿಸಿದೆ. ಮಣ್ಣಿನ ಮಾಳಿಗೆಯನ್ನು ಪ್ರತಿ ಮಳೆಯ ನಂತರ ಮೆತ್ತಬೇಕು. ಹಾಗೆ ಮೆತ್ತುವ ಕೈಗಳೂ ಈಗ ಕಡಿಮೆ. ಹಳೆಯದನ್ನು ನಿಲ್ಲಿಸಿಡುವುದಕ್ಕೆ ಹೊಸದು ಕಟ್ಟುವುದಕ್ಕಿಂತ ಹೆಚ್ಚು ಖರ್ಚು.

ರಿಯಾಲಿನ ಚಿಲ್ಲರೆಗೆ ಅಲ್ಲಿ 'ಬೈಸಾ' ಎನ್ನುತ್ತಾರೆ, ನಮ್ಮ ಪೈಸೆಯೇ ಅದು. 1970ರವರೆಗೆ ಒಮಾನಿನಲ್ಲಿ ನಡೆಯುತ್ತಿದ್ದುದು ರೂಪಾಯಿ, ಭಾರತದ ರಿಸರ್ವ್ ಬ್ಯಾಂಕ್ ಕೊಲ್ಲಿ ದೇಶಗಳಿಗೆಂದೇ ಅಚ್ಚು ಹಾಕಿದ ನೋಟು. ಅವರ ನಾಣ್ಯದ ಹೆಸರು ಇನ್ನೂ ನಮ್ಮದು, ಬೆಲೆ ಮಾತ್ರ ನಮ್ಮದಲ್ಲ.

ತಪ್ಪು ಕಲ್ಪನೆ: ಅಲ್ಲಿ ಕಾಲ ನಿಂತುಬಿಟ್ಟಿದೆ

ಪ್ರವಾಸದ ಪುಸ್ತಿಕೆಗಳಿಗೆ ಈ ವಾಕ್ಯ ಬಲು ಇಷ್ಟ. ಮಿಸ್ಫಾದಲ್ಲಿ ಕಾಲ ನಿಂತಿಲ್ಲ, ಊರು ಬಿಟ್ಟುಹೋಗಿ ವಾಪಸು ಬಂದಿದೆ. ಒಮಾನಿನಲ್ಲಿ 1970ರ ನಂತರ ರಸ್ತೆ, ಕರೆಂಟು, ಶಾಲೆ, ನೌಕರಿ ಬಂದವು. ಹಳ್ಳಿಯವರು ಮೇಲಿನ ರಸ್ತೆಯ ಪಕ್ಕ ಸಿಮೆಂಟಿನ ಮನೆ ಕಟ್ಟಿಕೊಂಡರು. ಹಳೆಯ ಮನೆಗಳ ಮಾಳಿಗೆ ಕುಸಿಯಿತು. ಇದಕ್ಕೆ ಅವರನ್ನು ದೂರುವಂತಿಲ್ಲ, ನನ್ನ ಅವ್ವನ ತವರುಮನೆಯನ್ನು ಕೆಡವಿ ಸ್ಲ್ಯಾಬ್ ಹಾಕಿದವರು ನನ್ನ ಮಾಮನ ಮಕ್ಕಳೇ. ಆಮೇಲೆ ಆ ಊರಿನವರೇ ಕೆಲವರು ಹಳೆ ಮನೆಗಳನ್ನು ಎತ್ತಿ ನಿಲ್ಲಿಸಿ ಅತಿಥಿಗಳಿಗೆ ತೆರೆದರು. 2021ರಲ್ಲಿ ವಿಶ್ವಸಂಸ್ಥೆಯ ಪ್ರವಾಸೋದ್ಯಮ ಸಂಸ್ಥೆ ಮೊದಲ ಬಾರಿಗೆ ಉತ್ತಮ ಪ್ರವಾಸಿ ಹಳ್ಳಿಗಳ ಪಟ್ಟಿ ಮಾಡಿದಾಗ ಮಿಸ್ಫಾ ಅದರಲ್ಲಿತ್ತು. ಅದೇ ಪಟ್ಟಿಯಲ್ಲಿ ನಮ್ಮ ತೆಲಂಗಾಣದ ಭೂದಾನ ಪೋಚಂಪಲ್ಲಿಯೂ ಇದೆ.

ತೋಟದಲ್ಲಿ ಕಂಡ ಕೆಲಸಗಾರ ಒಮಾನಿಯಲ್ಲ, ಬಾಂಗ್ಲಾದೇಶದವನು. ಮುರುಕು ಹಿಂದಿಯಲ್ಲಿ ಇಬ್ಬರೂ ಮಾತಾಡಿದೆವು. ಮೇಲೆ ಖರ್ಜೂರ, ಅದರ ನೆರಳಿಗೆ ನಿಂಬೆ, ದಾಳಿಂಬೆ, ಬಾಳೆ, ಅದರ ನೆರಳಿಗೆ ಬೆಳ್ಳುಳ್ಳಿ, ಉಳ್ಳಾಗಡ್ಡಿ, ದನಕ್ಕೆ ಕುದುರೆಮೆಂತೆ. ಒಂದೇ ಮಡಿಯಲ್ಲಿ ಮೂರು ಅಂತಸ್ತು. ಜಹೀರಾಬಾದಿನ ಪಸ್ತಾಪುರದ ಹೆಣ್ಣುಮಕ್ಕಳು ಒಂದೇ ಹೊಲದಲ್ಲಿ ಜೋಳ, ತೊಗರಿ, ನವಣೆ, ಹೆಸರು, ಅಗಸೆ ಎಂದು ಹತ್ತಾರು ಕಾಳು ಬೆರೆಸಿ ಬಿತ್ತುವುದು ನೆನಪಾಯಿತು. ಮೈಸೂರಿನಲ್ಲಿ ಹುಟ್ಟಿದ ಪಿ.ವಿ. ಸತೀಶ್ ನಮ್ಮ ಸೀಮೆಗೆ ಬಂದು, 1983ರಿಂದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಮೂಲಕ ಆ ಹೆಣ್ಣುಮಕ್ಕಳ ಜೊತೆ ದುಡಿದು, 2023ರಲ್ಲಿ ತೀರಿಕೊಂಡರು. ಕಡಿಮೆ ನೀರಿನ ನೆಲದಲ್ಲಿ ಒಂದೇ ಬೆಳೆಯನ್ನು ನಂಬಬಾರದೆಂಬುದು ಎರಡೂ ಕಡೆಯ ಲೆಕ್ಕ.

ತಪ್ಪು ಕಲ್ಪನೆ: ಅಂಥದ್ದೆಲ್ಲ ಅರಬರ ದೇಶದಲ್ಲಿ, ನಮ್ಮಲ್ಲೆಲ್ಲಿ?

ಇದನ್ನು ಕೇಳಿದವನು ಬೀದರಿಗೆ ದಿನಾ ಹೋಗಿ ಬರುವ ನಮ್ಮೂರಿನ ಇನ್ನೊಬ್ಬ ಹುಡುಗ. ಅವನು ಹಾದುಹೋಗುವ, ಬೀದರಿನ ನೌಬಾದಿನ ಕೆಳಗೇ ಒಂದು ಫಲಜ್ ಮಲಗಿದೆ.

ನಮ್ಮ ಭಾಗದ ಹೆಸರು ಅದಕ್ಕೆ ಕರೇಜ್. ಇರಾನಿನಲ್ಲಿ ಕನಾತ್, ಒಮಾನಿನಲ್ಲಿ ಫಲಜ್, ಎಲ್ಲ ಒಂದೇ ಮನೆತನ. ಹದಿನೈದನೆಯ ಶತಮಾನದಲ್ಲಿ ಬಹಮನಿಗಳ ಅಹಮದ್ ಶಾಹ ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ತಂದ. ಇರಾನಿನ ಕಿರ್ಮಾನ್ ಸೀಮೆಯ ಸೂಫಿ ಶಾಹ ನಿಯಾಮತುಲ್ಲಾ ಅವರಿಗೆ ಕರೆ ಕಳುಹಿಸಿದ. ಅವರು ಬರಲಿಲ್ಲ, ಮೊಮ್ಮಗನನ್ನು ಕಳುಹಿಸಿದರು. ಆಮೇಲೆ ಮಗ ಖಲೀಲುಲ್ಲಾ ಅವರೂ ಬಂದು ಬೀದರಿನಲ್ಲೇ ನೆಲಸಿದರು. ಅಷ್ಟೂರಿನ ದಾರಿಯಲ್ಲಿರುವ ಚೌಖಂಡಿ ಅವರದೇ ಗೋರಿ. ಕಿರ್ಮಾನ್ ಎಂದರೆ ಕನಾತ್‌ಗಳ ನೀರಿನಿಂದ ಬದುಕಿದ ಮರುಭೂಮಿ. ಸೂಫಿಗಳು, ವ್ಯಾಪಾರಿಗಳು, ಕಟ್ಟಡದವರು, ಲಿಪಿಕಾರರು ಬಂದ ದಾರಿಯಲ್ಲೇ ಸುರಂಗ ತೋಡುವ ವಿದ್ಯೆಯೂ ಬಂತು.

ಮಳೆ ಬೀಳುವ ಬೀದರಿಗೆ ಮರುಭೂಮಿಯ ವಿದ್ಯೆ ಯಾಕೆ ಬೇಕಿತ್ತು? ಉತ್ತರ ನೆಲದಲ್ಲಿದೆ. ಬೀದರಿನ ದಿಣ್ಣೆಯ ಮೇಲ್ಪದರ ಕೆಂಪು ಜಂಬಿಟ್ಟಿಗೆ, ಜರಡಿಯಂತೆ ತೂತು ತೂತು. ಬಿದ್ದ ಮಳೆಯನ್ನು ಹೀರಿ ಕೆಳಗಿಳಿಸಿಬಿಡುತ್ತದೆ. ಕೆಳಗೆ ಕರಿಕಲ್ಲು, ಅದು ನೀರನ್ನು ಬಿಡುವುದಿಲ್ಲ. ಎರಡರ ಸಂದಿಯಲ್ಲಿ ನೀರು ನಿಲ್ಲುತ್ತದೆ. ದಿಣ್ಣೆಯ ಅಂಚಿನಲ್ಲಿ ಸಂದಿ ಬಯಲಾದ ಕಡೆ ಅದು ತಾನಾಗಿ ಜಿನುಗುತ್ತದೆ. ಗುರುದ್ವಾರದ ನಾನಕ್ ಝೀರಾ, ಎದೆಮಟ್ಟದ ನೀರಿನಲ್ಲಿ ನಡೆದುಹೋಗುವ ನರಸಿಂಹ ಝರಣಿ ಇಂಥ ಒಸರುಗಳೇ. ತಾನಾಗಿ ಜಿನುಗದ ಕಡೆ ಮನುಷ್ಯ ಸಂದಿ ಹಿಡಿದು ಸುರಂಗ ಹೊಡೆದರೆ ಅದು ಕರೇಜ್. ನೌಬಾದಿನದು ಎರಡು ಕಿಲೋಮೀಟರಿಗೂ ಉದ್ದ. ಉದ್ದಕ್ಕೂ ಬಾವಿಯಂಥ ಬಾಯಿಗಳು. ಅವುಗಳಲ್ಲಿ ಕೆಲವನ್ನು ನಮ್ಮ ಜನ ಕಸ ಹಾಕಿ ಮುಚ್ಚಿದರು, ಕೆಲವನ್ನು ಹಾಳು ಬಾವಿ ಎಂದು ಮರೆತರು. ಕೇರಳದ ಭೂಗೋಳ ಅಧ್ಯಾಪಕ ವಿ. ಗೋವಿಂದನ್‌ಕುಟ್ಟಿ ಬಂದು ಇದರ ಜಾಡು ಹಿಡಿದು ನಕ್ಷೆ ಮಾಡಿದ ಮೇಲೆ, 2010ರ ದಶಕದಲ್ಲಿ ಹೂಳೆತ್ತುವ ಕೆಲಸ ನಡೆಯಿತು. ಇದೇ ಮನೆತನದ, ವಿಜಯಪುರದ ಆದಿಲಶಾಹಿ ಕಾಲದ ಸುರಂಗ ಬಾವಡಿ ಜಾಗತಿಕ ಸ್ಮಾರಕ ನಿಧಿಯ 2020ರ ಕಾಳಜಿಪಟ್ಟಿಗೆ ಸೇರಿತು. ಕಾಸರಗೋಡಿನ ಕನ್ನಡ ಮನೆಗಳಲ್ಲಂತೂ ಇದು ಪುಸ್ತಕದ ವಿಷಯವೇ ಅಲ್ಲ. ಗುಡ್ಡದ ಜಂಬಿಟ್ಟಿಗೆಗೆ ಅಡ್ಡಲಾಗಿ ತೋಡಿದ 'ಸುರಂಗ'ದ ನೀರು ಸೀಳಿದ ಅಡಿಕೆ ಮರದ ದೋಣಿಯಲ್ಲೋ ಪೈಪಿನಲ್ಲೋ ಹಿತ್ತಿಲಿಗೆ ಬರುತ್ತದೆ. ಅಲ್ಲಿಯವರೇ ಆದ ಶ್ರೀಪಡ್ರೆ ಆ ಕಥೆಯನ್ನು ದಶಕಗಳಿಂದ ಬರೆಯುತ್ತ ಬಂದಿದ್ದಾರೆ.

1956ರವರೆಗೆ ಜಹೀರಾಬಾದ್, ನಾರಾಯಣಖೇಡ ತಾಲ್ಲೂಕಿನವರಾದ ನಾವೂ ಬೀದರ್ ಜಿಲ್ಲೆಯವರೇ. ಗೆರೆ ಎಳೆದ ಮೇಲೆ ಮೇದಕ್ ಪಾಲಾದೆವು, ಈಗ ಸಂಗಾರೆಡ್ಡಿ. ನೆಲದೊಳಗಿನ ಕೆಂಪು-ಕರಿ ಪದರಗಳಿಗೆ ಆ ಗೆರೆ ಗೊತ್ತಿಲ್ಲ. ನಮ್ಮ ಝರಾಸಂಗಮದ ಹೆಸರಲ್ಲೇ ಝರಿ ಇದೆ. ಬೇರೆಡೆ ಶಿವನಿಗೆ ನಿಷಿದ್ಧವಾದ ಕೇದಗೆ ಹೂವನ್ನು ಅಲ್ಲಿಯ ಕೇತಕಿ ಸಂಗಮೇಶ್ವರನಿಗೆ ಏರಿಸುತ್ತಾರೆ, ಗುಡಿಯ ಹಿಂದೆ ನೀರಿನ ಗುಂಡವಿದೆ. ಅಮಾವಾಸ್ಯೆಗೆ ಮೂರು ರಾಜ್ಯದ ಜನ ಬಂದು ಬೀಳುತ್ತಾರೆ.

ಹಾಗಾದರೆ ನಮ್ಮಲ್ಲಿ ನೀರಿನ ಬದಿಯ ಹಳೆಯ ತಂಗುದಾಣ? ಅದೂ ಇದೆ, ನಾವು ಅದನ್ನು ಹೋಟೆಲ್ ಎಂದು ಕರೆಯಲಿಲ್ಲ, ಅಷ್ಟೇ. ನಾನಕ್ ಝೀರಾದಲ್ಲಿ ಜಾತಿ ಕೇಳದೆ ಕೋಣೆ ಕೊಡುತ್ತಾರೆ, ಲಂಗರಿನಲ್ಲಿ ಹೊತ್ತುಹೊತ್ತಿಗೆ ಬಿಸಿ ರೋಟಿ, ಬೇಳೆ. ಝರಿಯ ನೀರನ್ನು ಅಮೃತವೆಂದು ಬಾಟಲಿಯಲ್ಲಿ ಒಯ್ಯುತ್ತಾರೆ. ತೊಳೆಯುವ ಜಾಗ ಬೇರೆ, ಕುಡಿಯುವ ಜಾಗ ಬೇರೆ. ಹತ್ತಾರು ಸಲ ಹೋಗಿದ್ದೆ, ಮಿಸ್ಫಾದ ಮುದುಕರು ಕೈ ತೋರಿಸುವವರೆಗೆ ಅದನ್ನು ಗಮನಿಸಿರಲಿಲ್ಲ.

ಹೊರಡುವ ಬೆಳಿಗ್ಗೆ ಮನೆಯ ಯಜಮಾನರು ದೊಡ್ಡ ರಿಜಿಸ್ಟರ್ ಮುಂದಿಟ್ಟರು. ಊರಿನ ಕಾಲಮಿನಲ್ಲಿ ನಾಗಲಗಿದ್ದ ಎಂದು ಕನ್ನಡದಲ್ಲೇ ಬರೆದೆ. ಎಲ್ಲಿ ಬರುತ್ತದೆ ಎಂದರು. ಬೀದರ್ ಹತ್ತಿರ ಎಂದೆ. ಅವರಿಗೆ ಬೀದರ್ ಗೊತ್ತಿರಲಿಲ್ಲ. ಅಲ್ಲೂ ಒಂದು ಫಲಜ್ ಇದೆ, ಆರುನೂರು ವರ್ಷದ ಹಳೆಯದು ಎಂದು ಹುಡುಗನಿಂದ ಹೇಳಿಸಿದೆ. ಅವರ ಕಣ್ಣು ಅರಳಿತು. ಕಹ್ವಾದ ಹೂಜಿ ಹಿಡಿದವರು ಹಾಗೇ ಕೂತು ಒಂದು ಪ್ರಶ್ನೆ ಕೇಳಿದರು.

"ಏನಂತೋ?"

"ಅಲ್ಲಿಯ ವಕೀಲ್ ಯಾರು ಅಂತ ಕೇಳ್ತಾರ, ಕಾಕಾ."

ಬೀದರಿನ ಕೋರ್ಟಿನ ಮುಂದೆ ಕರಿ ಕೋಟಿನವರು ಎಷ್ಟು ಬೇಕಾದರೂ ಇದ್ದಾರೆ. ಅವರು ಕೇಳಿದ್ದು ಆ ವಕೀಲರನ್ನಲ್ಲ. "ಹುಡುಕ್ಲಿಕ್ಕತ್ತೀವಿ ಅಂತ ಹೇಳಪಾ" ಎಂದೆ. ಹುಡುಗ ಅದನ್ನು ಅರಬಿಯಲ್ಲಿ ಹೇಗೆ ಹೇಳಿದನೋ, ಯಜಮಾನರು ನಕ್ಕರು. ನಾನು ಬಟ್ಟಲು ಅಲುಗಾಡಿಸಲು ಮರೆತಿದ್ದೆ, ಅವರು ಮತ್ತೆ ಸುರಿದರು.